ಕೈಗೆಟುಕುವ ಮನೆ

ರತ್ನಮ್ಮ: ಸಾರ್, ಕೈಗೆಟುಕೋ ಮನೆ ಅಂದ್ರೆ ಎಷ್ಟಾಗುತ್ತೆ?

ಗುಮಾಸ್ತ: ಜಿಎಸ್‌ಟಿ ಲೆಕ್ಕದಲ್ಲಿ 45 ಲಕ್ಷದವರೆಗೆ. ಬೆಂಗಳೂರಲ್ಲಿ ಕಾರ್ಪೆಟ್ ಏರಿಯಾ 60 ಚದರ ಮೀಟರ್ ಮೀರಬಾರದು. ತೆರಿಗೆ ಶೇ 1 ಮಾತ್ರ!

ರತ್ನಮ್ಮ: ಬಿಲ್ಡರು ಸೂಪರ್ ಬಿಲ್ಟಪ್ ಅಂದ್ರು?

ಗುಮಾಸ್ತ: ಅದರಲ್ಲಿ ಮೆಟ್ಟಿಲು, ಲಿಫ್ಟಿನ ಪಾಲೂ ಸೇರಿರುತ್ತಮ್ಮ.

ರತ್ನಮ್ಮ: ಹಾಗಾದ್ರೆ ನೆಂಟರು ಬಂದಾಗ ಮೆಟ್ಟಿಲ ಮೇಲೆ ಮಲಗಿಸ್ಬೋದು!

ಗುಮಾಸ್ತ: ಆದಾಯ ಹೇಳಿ.

ರತ್ನಮ್ಮ: ಮೂರು ಮನೆ ಪಾತ್ರೆ, ತಿಂಗಳಿಗೆ 12 ಸಾವಿರ.

ಗುಮಾಸ್ತ: ವರ್ಷಕ್ಕೆ 1.44 ಲಕ್ಷ. ಊಟ ಬಿಟ್ಟರೆ 31 ವರ್ಷದಲ್ಲಿ ಕೈಗೆಟುಕುತ್ತೆ. ಇರಲಿ, 3 ಲಕ್ಷದ ಒಳಗಿದೆ, ನೀವು ಇಡಬ್ಲ್ಯುಎಸ್, ಅಂದ್ರೆ ಆರ್ಥಿಕವಾಗಿ ದುರ್ಬಲ ವರ್ಗ. ಪಿಎಂ ಆವಾಸ್‌ಗೆ ಅರ್ಜಿ ಹಾಕಿ.

(‘ಅರ್ಹರು’ ಅನ್ನಿಸಿಕೊಂಡರೆ ನಮ್ಮಲ್ಲಿ ಅರ್ಧ ಗೃಹಪ್ರವೇಶ ಆದಂತೆಯೇ.)

ರತ್ನಮ್ಮ: ಬೀಗದ ಕೈ ಯಾವಾಗ?

ಗುಮಾಸ್ತ: ಮೊದಲು ವಾಸದ ದೃಢೀಕರಣ ತನ್ನಿ.

ರತ್ನಮ್ಮ: ಮನೆ ಇಲ್ಲ ಅಂತಲೇ ಬಂದಿದ್ದು, ಸಾರ್!

ಗುಮಾಸ್ತ: ಅದನ್ನ ಯಾವ ಮನೆಗೆ ಬಂದು ಪರಿಶೀಲಿಸೋದಮ್ಮ?