ಖಾಲಿ ಹಿತ್ತಾಳೆಯ ಪುನರ್ಭರಣ: ನಾಲ್ಕು ತಾಲ್ಲೂಕುಗಳ ಒಂದು ಶಾಸ್ತ್ರವಿಚಾರ

ಒಮ್ಮೆ ತುಂಬಿ, ಬೆಂಕಿ ಕಂಡು, ಖಾಲಿಯಾಗಿ, ಕಪ್ಪಾಗಿ ಬಿದ್ದಿರುವ ಹಿತ್ತಾಳೆಯನ್ನು ಮತ್ತೆ ತುಂಬಲು ಯೋಗ್ಯವಾಗುವಂತೆ ಬೆಳಗುವುದು ಹೇಗೆ ಎಂಬುದು ಈ ಪ್ರಬಂಧದ ವಿಷಯ. ಯಾವ ಶಾಸ್ತ್ರವೇ ಆಗಲಿ, ಆರಂಭದಲ್ಲೇ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ. ವಿಷಯ ಹೇಳಿಯಾಯಿತು. ಪ್ರಯೋಜನ: ನಾಡಿದ್ದು ಹಬ್ಬ. ಸಂಬಂಧ: ಮಧುಗಿರಿಯಲ್ಲಿ ದೊಡ್ಡಮ್ಮ, ಶಿರಾದಲ್ಲಿ ಸೋದರತ್ತೆ, ಕೊರಟಗೆರೆಯಲ್ಲಿ ಚಿಕ್ಕಮ್ಮ, ಪಾವಗಡದಲ್ಲಿ ಅಕ್ಕನ ಅತ್ತೆ. ಅಧಿಕಾರಿ ಯಾರೆಂಬುದು ಪ್ರಬಂಧದ ಕೊನೆಗೆ ತೀರ್ಮಾನವಾಗುತ್ತದೆ. ಆ ತೀರ್ಮಾನ ನನ್ನದಲ್ಲ.

ಜಿಜ್ಞಾಸೆ ಹುಟ್ಟಿದ್ದು ಅಡುಗೆಮನೆಯಲ್ಲಲ್ಲ, ಎನ್‌ಸಿಸಿ ಕ್ಯಾಂಪಿನಲ್ಲಿ. ಪಾಯಿಂಟ್ 22 ರೈಫಲ್ಲು, ತಲೆಗೆ ಐದು ಗುಂಡು. ಗುಂಡು ಎಲ್ಲಿಗೆ ಹೋಯಿತೆಂದು ಉಸ್ತಾದ್ ಕೇಳಲಿಲ್ಲ, ನನ್ನ ಗುರಿ ನೋಡಿದವರಿಗೆ ಕೇಳುವ ಧೈರ್ಯವೂ ಬರುತ್ತಿರಲಿಲ್ಲ. ಅವರು ಕೇಳಿದ್ದು ಖೋಖಾ ಎಲ್ಲಿ ಎಂದು. ಖೋಖಾ ಎಂದರೆ ಹಾರಿಸಿ ಖಾಲಿಯಾದ ಹಿತ್ತಾಳೆಯ ಕೊಳವೆ. ಐದು ಗುಂಡು ಕೊಟ್ಟರೆ ಐದು ಖೋಖಾ ವಾಪಸು ಲೆಕ್ಕಕ್ಕೆ ಬರಬೇಕು. ನನ್ನವು ನಾಲ್ಕೇ ಇದ್ದವು. ಮೂವತ್ತು ಹುಡುಗರು ಹುಲ್ಲಿನಲ್ಲಿ ಮಂಡಿಯೂರಿ, ಕಿರುಬೆರಳಿನ ಅರ್ಧದಷ್ಟೂ ಇಲ್ಲದ ಆ ಐದನೆಯದನ್ನು ಒಂದು ಗಂಟೆ ಹುಡುಕಿದೆವು. ಕೊನೆಗೆ ಅದು ಸಿಕ್ಕಿದ್ದು ನನ್ನ ಬೂಟಿನೊಳಗೆ. ಇಷ್ಟು ಬೆಲೆಬಾಳುವ ಖಾಲಿತನವನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ.

ಗ್ರಂಥಗಳನ್ನು ತಿರುವಿ ಹಾಕಿದಾಗ ತಿಳಿದದ್ದು ಇಷ್ಟು. ತೋಟೆಯ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ನಮ್ಮ ಮನೆಯ ಚೆಂಬು, ಬಿಂದಿಗೆಗಳ ಪಾಕವೂ ಅದರ ಆಸುಪಾಸಿನದೇ. ಅಂದರೆ ಖೋಖಾ ಮತ್ತು ಚೆಂಬು ದಾಯಾದಿಗಳು. ಒಂದು ಮದ್ದು ತುಂಬಿಕೊಳ್ಳುತ್ತದೆ, ಇನ್ನೊಂದು ಮಜ್ಜಿಗೆ. ಅಮೆರಿಕದಂಥ ದೇಶಗಳಲ್ಲಿ ಗುರಿ ಹೊಡೆಯುವ ಹವ್ಯಾಸದವರು ಖಾಲಿ ಖೋಖಾಗಳನ್ನು ಮನೆಗೆ ಹೊತ್ತು ತಂದು, ಡ್ರಮ್ಮಿಗೆ ಸುರಿದು, ಅಕ್ರೋಟಿನ ಚಿಪ್ಪಿನ ತರಿಯನ್ನೋ ಮುಸುಕಿನ ಜೋಳದ ದಿಂಡಿನ ಪುಡಿಯನ್ನೋ ಹಾಕಿ ಗಂಟೆಗಟ್ಟಲೆ ತಿರುಗಿಸುತ್ತಾರೆ. ಇನ್ನು ಕೆಲವರು ಸ್ಟೀಲಿನ ಸಣ್ಣ ಕಡ್ಡಿ, ನೀರು, ಚಿಟಿಕೆ ಸಿಟ್ರಿಕ್ ಆಮ್ಲ ಎನ್ನುತ್ತಾರೆ. ಇವೆರಡು ಪಂಗಡಗಳಿಗೂ ಆಗಿಬರುವುದಿಲ್ಲ. ನಾವು ಸ್ನಾನದ ನೀರು ಕಾಯಿಸಲು ಒಲೆಗೆ ತುರುಕುವ ಜೋಳದ ದಿಂಡನ್ನು ಅವರು ಚೀಲಕ್ಕಿಷ್ಟೆಂದು ದುಡ್ಡು ಕೊಟ್ಟು ಕೊಳ್ಳುತ್ತಾರೆಂದು ಹೇಳಿದಾಗ ದೊಡ್ಡಮ್ಮ ನಂಬಲಿಲ್ಲ. ನಮ್ಮ ದೇಶದಲ್ಲಿ ಮಾತ್ರ 1959ರ ಶಸ್ತ್ರಾಸ್ತ್ರ ಕಾಯ್ದೆಯಿದೆ. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸಿದರೆ ಜೈಲು. ಹಂಡೆಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಆದಕಾರಣ ನನ್ನ ಸಂಶೋಧನೆ ಖೋಖಾ ಬಿಟ್ಟು ಹಂಡೆಯ ಕಡೆ ಉರುಳಿತು. ಅದೂ ದಿನವೂ ಬೆಂಕಿ ಕಾಣುತ್ತದೆ, ಖಾಲಿಯಾಗುತ್ತದೆ, ಮರುದಿನ ಮತ್ತೆ ತುಂಬಿಕೊಳ್ಳುತ್ತದೆ.

ಸ್ಥಳನಾಮದ ಸಾಕ್ಷ್ಯವಿಲ್ಲದ ಪ್ರಬಂಧವನ್ನು ಕನ್ನಡದಲ್ಲಿ ಯಾರೂ ಓದುವುದಿಲ್ಲವಾದ್ದರಿಂದ ಅದನ್ನೂ ಒದಗಿಸುತ್ತೇನೆ. ಮಧುಗಿರಿಗೆ ಹಿಂದೆ ಮದ್ದಗಿರಿ ಎಂದು ಹೆಸರು. ಜೇನಿದ್ದ ಬೆಟ್ಟವಾದ್ದರಿಂದ ಮಧುಗಿರಿ ಎಂದು ಎಲ್ಲರೂ ಹೇಳುತ್ತಾರೆ. ಎಲ್ಲರೂ ಹೇಳುವುದನ್ನೇ ಹೇಳಲು ಸಂಶೋಧಕ ಏಕೆ ಬೇಕು? ಮದ್ದು ಎಂದರೆ ಬಂದೂಕಿನ ಮದ್ದು. ಬೆಟ್ಟದ ಮೇಲೆ ಕೋಟೆ, ಊರಲ್ಲಿ ದಂಡಿನ ಮಾರಮ್ಮ. ದಂಡಿದ್ದ ಕಡೆ ಮದ್ದು, ಮದ್ದಿದ್ದ ಕಡೆ ಹಿತ್ತಾಳೆ, ಹಿತ್ತಾಳೆಯಿದ್ದ ಕಡೆ ತಿಕ್ಕುವ ಕೆಲಸ. ಸಿದ್ಧಾಂತವನ್ನು ಸ್ಥಳದಲ್ಲೇ ಪರೀಕ್ಷಿಸಲು ಬೆಟ್ಟ ಹತ್ತತೊಡಗಿದೆ. ಹೆಜ್ಜೇನು ಎದ್ದದ್ದರಿಂದ ಕ್ಷೇತ್ರಕಾರ್ಯ ಅರ್ಧಕ್ಕೆ ನಿಂತಿತು. ಈ ಒಂದು ಪುರಾವೆ ಎದುರು ಪಕ್ಷದವರಿಗೆ ಅನುಕೂಲವಾಗಿದೆಯೆಂದು ವಿನಯದಿಂದ ಒಪ್ಪಿಕೊಳ್ಳುತ್ತೇನೆ.

ಇನ್ನು ದ್ರವ್ಯವಿಚಾರ. ಮಧುಗಿರಿ ಸಂಪ್ರದಾಯದ ಮೂಲದ್ರವ್ಯ ಹುಣಸೆಹಣ್ಣು. ಈ ಸೀಮೆಯಲ್ಲಿ ಮಳೆ ಕೈಕೊಟ್ಟರೂ ಹುಣಸೆ ಕೈಕೊಡುವುದಿಲ್ಲ. ಬೇಸಿಗೆ ಬಂತೆಂದರೆ ಜಗಲಿಗಳ ಮೇಲೆಲ್ಲ ಹೆಂಗಸರು ಕೂತು ಓಡು ಬಿಡಿಸಿ, ನಾರು ತೆಗೆದು, ಬೀಜ ಕುಟ್ಟುವ ಸದ್ದು. ಹಣ್ಣು ತುಮಕೂರಿನ ಮಂಡಿಗೋ ಗಡಿಯಾಚೆಯ ಹಿಂದೂಪುರಕ್ಕೋ ಹೋಗುತ್ತದೆ. ದೊಡ್ಡಮ್ಮನ ಪ್ರಕಾರ ಹೊಸ ಹಣ್ಣು ಸಾರಿಗೆ, ಮೂರು ವರ್ಷ ಗಡಿಗೆಯಲ್ಲಿ ಕೂತು ಇದ್ದಿಲಿನಂತಾದದ್ದು ಪಾತ್ರೆಗೆ. ಹುಣಸೆ ಮರ ಮುಪ್ಪಾದರೂ ಹುಳಿ ಮುಪ್ಪೇ ಎಂಬ ಮಾತು ಈ ಪ್ರಯೋಗಾಲಯದಲ್ಲಿ ಹುಟ್ಟಿದ್ದೆಂದು ನನ್ನ ಊಹೆ. ಹಣ್ಣೂ ದಂಡವಾಗಬಾರದೆಂದರೆ ಸಾರಿಗೆ ಹಿಂಡಿ ಉಳಿದ ಹಿಪ್ಪೆಯೇ ಸಾಕು. ಅದಕ್ಕೆ ಒಂದು ಹಿಡಿ ಕಲ್ಲುಪ್ಪು, ತೆಂಗಿನ ನಾರು.

ದೊಡ್ಡಮ್ಮ ಕುಕ್ಕರಗಾಲಲ್ಲಿ ಕೂತು ಕಾಲುದೀಪವನ್ನು ಎಡಗೈಯಲ್ಲಿ ಹಿಡಿದು ಹಿಪ್ಪೆ ಬಳಿಯುವುದನ್ನು ನಾನು ಹತ್ತಿರದಿಂದ ಅಧ್ಯಯನ ಮಾಡಿದ್ದೇನೆ, ಕುರ್ಚಿಯಲ್ಲಿ ಕೂತು. ಮೊದಲು ಏನೂ ಆಗುವುದಿಲ್ಲ. ಕಂದು ಕೆಸರಿನಲ್ಲಿ ಕಂದು ದೀಪ. ಮೂರನೆಯ ಸುತ್ತಿಗೆ ಕೆಸರು ಕಪ್ಪಾಗುತ್ತದೆ, ಹೆಬ್ಬೆರಳು ಹೋದ ದಾರಿಯಲ್ಲಿ ಹೊಂಬಣ್ಣದ ಒಂದು ಗೆರೆ ಏಳುತ್ತದೆ. ಎಣ್ಣೆ ನಿಲ್ಲುವ ಬಟ್ಟಲಿನ ಕೆಳಗೆ, ತಿರುಪು ಕೂಡುವ ಕಡೆ, ಹಸಿರು ಕಿಲುಬು ಕಚ್ಚಿಕೊಂಡಿರುತ್ತದೆ. ಅಲ್ಲಿಗೆ ಬೆರಳು ಹೋಗದು, ಹುಣಸೆ ಬರಲಿನ ತುದಿಗೆ ಬಟ್ಟೆ ಸುತ್ತಿ ತಿರುವುತ್ತಾರೆ. ನನ್ನ ಟಿಪ್ಪಣಿ: ಹುಣಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ. ತಾಮ್ರ ಗಾಳಿಯೊಡನೆ ಸೇರಿ ಕಟ್ಟಿದ ಕಪ್ಪು ಪೊರೆಯನ್ನು ಅದು ಕರಗಿಸುತ್ತದೆ, ಉಪ್ಪು ಆ ಕೆಲಸಕ್ಕೆ ಚುರುಕು ಕೊಡುತ್ತದೆ. ಇದನ್ನು ಓದಿ ಹೇಳಿದಾಗ ದೊಡ್ಡಮ್ಮ, "ಹೌದೇನಪ್ಪ, ಸರಿ ಕಾಲೆತ್ತು, ನೀರು ಬಿಡ್ತೀನಿ" ಎಂದರು.

ಶಿರಾ ಸಂಪ್ರದಾಯ ಇದಕ್ಕೆ ನೇರ ವಿರೋಧಿ. 1761ರಲ್ಲಿ ಬಸಾಲತ್ ಜಂಗ್‌ನಿಂದ ಹೈದರಾಲಿ ಪಡೆದದ್ದು ಶಿರಾದ ನವಾಬನೆಂಬ ಬಿರುದು. ಅಂಥ ಊರಿನವರು ಮಧುಗಿರಿಯ ಮಾತಿಗೆ ತಲೆಯಾಡಿಸುವುದು ಹೇಗೆ? ನನ್ನ ಸೋದರತ್ತೆಯ ಪ್ರಮಾಣದ್ರವ್ಯ ಬೂದಿ. ಅದೂ ಜಾಲಿ ಸೌದೆಯ ಬೂದಿ, ಜರಡಿ ಹಿಡಿದದ್ದು. "ಹುಳಿ ಹಾಕಿ ತಿಕ್ಕಿದ್ರೆ ಸಾಯಂಕಾಲಕ್ಕೆ ಮತ್ತೆ ಮಬ್ಬು. ನಿಮ್ ದೊಡ್ಡಮ್ಮನಿಗೆ ಯಾರು ಹೇಳಿಕೊಟ್ರೋ" ಎಂಬುದು ಅತ್ತೆಯ ಪೂರ್ವಪಕ್ಷಖಂಡನೆ. ಇದನ್ನು ನಾನು ಮಧುಗಿರಿಗೆ ಮುಟ್ಟಿಸಿದೆ. ದೊಡ್ಡಮ್ಮನ ಉತ್ತರವನ್ನು ಶಿರಾಕ್ಕೆ ಮುಟ್ಟಿಸಿದೆ. ಹಿತ್ತಾಳೆ ಕಿವಿ ಎಂಬ ನುಡಿಗಟ್ಟಿಗೆ ಇಷ್ಟು ಶುದ್ಧ ಉದಾಹರಣೆ ಬೇರೆಲ್ಲೂ ಸಿಗದು. ಆ ಕಿವಿ ಬೆಳಗಲು ಹುಣಸೆಯೂ ಸಾಲದು, ಬೂದಿಯೂ ಸಾಲದು. ಎರಡು ತಿಂಗಳು ಎರಡೂ ಮನೆಗಳ ನಡುವೆ ಫೋನಿರಲಿಲ್ಲ.

ಆಗ ನನಗೆ ಹೊಳೆದದ್ದು ಸಮನ್ವಯ. ದೊಡ್ಡ ದೊಡ್ಡ ಆಚಾರ್ಯರ ಮತಗಳನ್ನೇ ಸಮನ್ವಯಗೊಳಿಸಿರುವಾಗ ಹುಣಸೆ ಬೂದಿ ಯಾವ ಲೆಕ್ಕ? ಒಂದು ಬೋಗುಣಿಯಲ್ಲಿ ದೊಡ್ಡಮ್ಮನ ಹುಣಸೆರಸ ಸುರಿದು, ಮೇಲಿಂದ ಅತ್ತೆಯ ಬೂದಿ ಹಾಕಿದೆ. ಬುಸ್ಸೆಂದು ನೊರೆ ಉಕ್ಕಿತು. ಇದನ್ನು ಎರಡು ಸಂಪ್ರದಾಯಗಳ ಆನಂದಬಾಷ್ಪವೆಂದು ಬರೆದುಕೊಂಡೆ. ಆಮೇಲೆ ಅರ್ಧ ಗಂಟೆ ತಿಕ್ಕಿದರೂ ಪಂಚಪಾತ್ರೆ ಇದ್ದಂತೆಯೇ ಇತ್ತು. ಕಾರಣ ಸರಳ. ಹುಣಸೆ ಆಮ್ಲ, ಬೂದಿ ಕ್ಷಾರ. ಬೂದಿಯ ಕ್ಷಾರ ಎಣ್ಣೆ ಜಿಡ್ಡನ್ನು ಹಿಡಿಯುತ್ತದೆ, ಹುಣಸೆಯ ಆಮ್ಲ ಕಪ್ಪನ್ನು. ಮೊದಲು ಬೂದಿಯಲ್ಲಿ ಜಿಡ್ಡು ತೆಗೆದು, ತೊಳೆದು, ಆಮೇಲೆ ಹುಣಸೆ ಹಚ್ಚಿದರೆ ಇಬ್ಬರೂ ಸರಿ. ಒಟ್ಟಿಗೆ ಬೆರೆಸಿದರೆ ಒಂದನ್ನೊಂದು ಕೊಂದು, ಕೈಯಲ್ಲುಳಿಯುವುದು ಸಪ್ಪೆ ಕೆಸರು. ಇದು ನನಗೆ ತಿಳಿದದ್ದು ಪುಸ್ತಕದಿಂದ. ದೊಡ್ಡಮ್ಮ ಮೊದಲಿನಿಂದಲೂ ಎಣ್ಣೆ ದೀಪವನ್ನು ಒಲೆಬೂದಿಯಲ್ಲಿ ಒರೆಸಿಯೇ ಹುಣಸೆಗೆ ತರುತ್ತಿದ್ದರು, ನಾನು ನೋಡಿರಲಿಲ್ಲ. ಅತ್ತೆಯೂ ಕೊನೆಯಲ್ಲಿ ಒಂದಿಷ್ಟು ಹುಳಿ ಮುಟ್ಟಿಸುತ್ತಿದ್ದರಂತೆ. ಜಗಳವಿದ್ದದ್ದು ನನ್ನ ಪ್ರಬಂಧದಲ್ಲಿ ಮಾತ್ರ.

ಕೊರಟಗೆರೆಯ ಚಿಕ್ಕಮ್ಮ ಪೀತಾಂಬರಿ ಪುಡಿ ಬಳಸುತ್ತಾರೆ. ಸಿದ್ಧರಬೆಟ್ಟದ ಮೂಲಿಕೆಗಳಿಗೆ ಹೆಸರಾದ ತಾಲ್ಲೂಕಿನಲ್ಲಿ ಏನಾದರೂ ಗುಪ್ತವಿದ್ಯೆ ಇರಬಹುದೆಂದು ಎರಡು ಬಸ್ಸು ಬದಲಾಯಿಸಿ ಹೋದ ನನಗೆ ಅಂಗಡಿಯ ಪೊಟ್ಟಣ ತೋರಿಸಿದರು. ಈ ಅಧ್ಯಾಯ ಇಲ್ಲಿಗೆ ಮುಗಿಯಿತು.

ಪಾವಗಡದ ಪ್ರಶ್ನೆ ದ್ರವ್ಯದ್ದಲ್ಲ, ನೀರಿನದು. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡು ಹೆಚ್ಚೆಂಬುದು ಹಲ್ಲು ನೋಡಿದರೇ ತಿಳಿಯುವಂಥ ಹಳೆಯ ಸಂಕಟ, ಅದರ ಮೇಲೆ ಗಡಸು ಬೇರೆ. ಎಷ್ಟೇ ಬೆಳಗಿ ತೊಳೆದಿಟ್ಟರೂ ಹನಿ ಒಣಗಿದ ಕಡೆಯೆಲ್ಲ ಬಿಳಿ ಚುಕ್ಕೆ. ಮೊದಲು ನಾನು ಬಿಸಿಲಿಗಿಡುವುದು ಸೂಕ್ತವೆಂದು ಸಲಹೆ ಕೊಟ್ಟೆ. ತಿರುಮಣಿ ಸುತ್ತ 13,000 ಎಕರೆಯಲ್ಲಿ ಸೌರಫಲಕ ಹಾಸಿ 2,050 ಮೆಗಾವಾಟ್ ತೆಗೆಯಬಲ್ಲ ಬಿಸಿಲು ನಾಲ್ಕು ಚೆಂಬು ಒಣಗಿಸಲಾರದೇ? ಒಣಗಿಸಿತು. ಚೆಂಬುಗಳಿಗೆ ಸಿಡುಬು ಎದ್ದಂತಾಯಿತು. ಅಕ್ಕನ ಅತ್ತೆ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, "ಅಯ್ಯೋ ನಾಯನಾ, ತೊಳೆದ ಕೈಗೇ ಒರೆಸಬೇಕು, ಬಟ್ಟೆ ಇಲ್ಲದಿದ್ರೆ ಪೇಪರಾದ್ರೂ ತಗೋ" ಎಂದರು. ಡ್ರಮ್ಮು ತಿರುಗಿಸುವ ಅಮೆರಿಕದವರೂ ಇದೇ ಚುಕ್ಕೆಗೆ ಹೆದರಿ ಖೋಖಾಗಳನ್ನು ಟವೆಲಿನಲ್ಲಿ ಹೊರಳಾಡಿಸುತ್ತಾರೆ.

ಇಲ್ಲಿ ಒಂದು ಅಪವಾದಸೂತ್ರ. ದೊಡ್ಡಮ್ಮನ ಮನೆಯಲ್ಲಿ ಹಿತ್ತಾಳೆ ಪಾತ್ರೆಯನ್ನು ಕೊಟ್ಟಿಗೆಯ ಅಟ್ಟಕ್ಕೆ ಹಾಕುವಂತಿಲ್ಲ. ಮಡಿ ಮೈಲಿಗೆಯೆಂದು ನಾನು ಷರಾ ಬರೆದು ಮುಂದೆ ಹೋಗಿದ್ದೆ. ಬ್ರಿಟಿಷರ ಸೈನ್ಯಕ್ಕೆ ಇದೇ ಪಾಠ ದುಬಾರಿಯಾಗಿ ಸಿಕ್ಕಿತು. ಭಾರತದಲ್ಲಿ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿಟ್ಟಿದ್ದ ತೋಟೆಗಳು ಹಾರಿಸುವ ಮೊದಲೇ ಬಾಯಿಯ ಹತ್ತಿರ ಬಿರುಕು ಬಿಡುತ್ತಿದ್ದವು. ಮಳೆಗಾಲದ ರೋಗವೆಂದುಕೊಂಡು ಅದಕ್ಕೆ ಋತುಬಿರುಕು ಎಂಬರ್ಥದ ಹೆಸರಿಟ್ಟರು. 1921ರಲ್ಲಿ ಲೋಹವಿಜ್ಞಾನಿಗಳು ವಿವರಿಸಿದರು: ಕುದುರೆ ಗಂಜಲದಿಂದೇಳುವ ಅಮೋನಿಯಾ, ಲಾಯದ ತೇವ, ಬಡಿದು ಎಳೆದು ಬಿಗಿದ ಹಿತ್ತಾಳೆಯೊಳಗೆ ಉಳಿದುಹೋದ ಬಿಗುವು ಮೂರೂ ಸೇರಿದರೆ ಹಿತ್ತಾಳೆ ಸೀಳುತ್ತದೆ. ಹದವಾಗಿ ಕಾಯಿಸಿ ಬಿಗುವು ಇಳಿಸಿದರೆ ಸೀಳುವುದಿಲ್ಲ. ಇದನ್ನು ಓದಿದ ದಿನ ಷರಾ ಅಳಿಸಿದೆ. ದೊಡ್ಡಮ್ಮನಿಗೆ ಹೇಳಿದರೆ, "ನಮ್ಮತ್ತೆಯ ಕಾಲದಲ್ಲಿ ಒಂದು ಕೊಳಗ ಹಂಗೇ ಬಿರಿದಿತ್ತು ಕಣೋ" ಎಂದಷ್ಟೇ ಹೇಳಿ ಹುರುಳಿ ಕೇರತೊಡಗಿದರು.

ಸಮನ್ವಯದಲ್ಲಿ ಸೋತ ಪಂಚಪಾತ್ರೆ ಹಾಗೇ ಉಳಿದಿತ್ತಲ್ಲ. ನಿನ್ನೆ ರಾತ್ರಿ ಶ್ರಮವಿಲ್ಲದ ಮಾರ್ಗವೊಂದನ್ನು ಕಂಡುಹಿಡಿದೆ: ತಿಕ್ಕುವುದೇ ಬೇಡ, ಗಟ್ಟಿ ಹುಣಸೆರಸದಲ್ಲಿ ಬೆಳಗಿನ ತನಕ ನೆನೆಹಾಕಿದರಾಯಿತು. ಬೆಳಿಗ್ಗೆ ತೆಗೆದರೆ ಕಪ್ಪಿರಲಿಲ್ಲ, ಹೊಂಬಣ್ಣವೂ ಇರಲಿಲ್ಲ. ಪಂಚಪಾತ್ರೆ ಈಗಷ್ಟೇ ಹುಟ್ಟಿದ ಇಲಿಮರಿಯಂತೆ ನಸುಗೆಂಪಾಗಿತ್ತು. ಹುಳಿಯಲ್ಲಿ ಬಹಳ ಹೊತ್ತು ಬಿಟ್ಟರೆ ಮೈಮೇಲಿನ ಸತು ಕರಗಿಹೋಗಿ ತಾಮ್ರವಷ್ಟೇ ಉಳಿಯುತ್ತದೆ. ಇದು ದೋಷವಲ್ಲ, ಹಿತ್ತಾಳೆಯ ಪೂರ್ವಾಶ್ರಮದ ದರ್ಶನ ಎಂದು ಎರಡು ಪುಟ ಬರೆದು, ಹಿತ್ತಲಿನಲ್ಲಿ ಪಾತ್ರೆಗಳ ನಡುವೆ ಕೂತಿದ್ದ ದೊಡ್ಡಮ್ಮನಿಗೆ ಓದಲು ಹೋದೆ.

ಮೊದಲ ವಾಕ್ಯ ಮುಗಿಯುವ ಮೊದಲೇ ಅವರು ಕೈ ನೀಡಿ ಹಾಳೆ ಇಸಕೊಂಡರು. ಓದುತ್ತಾರೆಂದುಕೊಂಡೆ. ಅದನ್ನು ಮುದುರಿ, ನೀರು ತೊಟ್ಟಿಕ್ಕುತ್ತಿದ್ದ ಹರಿವಾಣದ ಅಂಚು, ತಳ, ಹೂಬಳ್ಳಿಯ ಸಂದು ಎಲ್ಲ ಒರೆಸಿ, ಬಿಸಿಲಿಗೆ ತಿರುಗಿಸಿ ನೋಡಿದರು. ಒಂದು ಚುಕ್ಕೆಯಿರಲಿಲ್ಲ.

"ಚೆನ್ನಾಗಿ ಹೀರ್ತದೆ ಕಣೋ" ಎಂದರು. "ಇನ್ನೂ ಎಷ್ಟು ಬರೆದಿದ್ದೀಯ? ಬಿಂದಿಗೆ ಎರಡಿವೆ, ಹಂಡೆ ಇದೆ. ತಗೊಂಬಾ. ಆ ಕೆಂಪಗಾಗಿರೋದನ್ನೂ ತಗೊಂಡು ಇಲ್ಲಿ ಕೂತ್ಕೋ, ನಾರು ಅಲ್ಲಿದೆ."