ಗದ್ದ ಮುಂದ ತರ್ರಿ, ಅಕ್ಕಾರ!

ನಮ್ಮ ಬೆಟಗೇರಿಯಲ್ಲಿ ಸಂಜೆಯಾದರೆ ಮಗ್ಗದ ಸದ್ದಿಗೂ ಮಿರ್ಚಿ-ಭಜಿಯ ಬಾಣಲಿಯ ಸದ್ದಿಗೂ ಪೈಪೋಟಿ. ಮಗ್ಗ ಸೀರೆಯ ಉದ್ದ ಬೆಳೆಸುತ್ತದೆ, ಭಜಿ ಉಟ್ಟವರ ಅಗಲ ಬೆಳೆಸುತ್ತದೆ.

ಮೊನ್ನೆ ಮದುವೆಯ ಗ್ರೂಪ್ ಫೋಟೋದಲ್ಲಿ ನಮ್ಮ ಮಾವಶಿ ತುದಿಗೆ ನಿಂತಳು. ಮೊಬೈಲಿನ ಅಗಲ ನೋಟದ ಲೆನ್ಸು ತುದಿಯವರನ್ನು ಇನ್ನಷ್ಟು ಹಿಗ್ಗಿಸುತ್ತದೆ. ಫೋಟೋ ನೋಡಿದವಳೇ, “ಇದು ನಾನಲ್ಲೋ, ಜ್ವಾಳದ ಚೀಲ!” ಎಂದು ಸಿಟ್ಟಾದಳು.

ಮದುವೆಯ ಫೋಟೋಗ್ರಾಫರ್ ಜಾಣ. 85 ಮಿ.ಮೀ. ಲೆನ್ಸು ಹಾಕಿ ನಾಲ್ಕು ಹೆಜ್ಜೆ ಹಿಂದೆ ಸರಿದ. ಕ್ಯಾಮೆರಾ ಕಣ್ಣಿಗಿಂತ ತುಸು ಮೇಲೆ, ಬೆಳಕು ಒಂದು ಮಗ್ಗುಲಿನಿಂದ.

“ಅಕ್ಕಾರ, ಜರಾ ಓರೆ ನಿಂದರ್ರಿ. ಕೈ ಮೈಗೆ ಹಚ್ಚಬ್ಯಾಡ್ರಿ. ಗದ್ದ ಮುಂದ ತಂದು ತುಸು ಕೆಳಗ ಮಾಡ್ರಿ.”

“ನಾ ಏನ್ ಕೋಳಿ ಏನೋ ತಮ್ಮಾ?”

ಅರವತ್ತರ ಮಾವಶಿಗೆ ‘ಅಕ್ಕಾರ’ ಎಂದಾಗಲೇ ಅರ್ಧ ತೂಕ ಇಳಿದಿತ್ತು. ಕ್ಲಿಕ್! ಎರಡನೆಯ ಗದ್ದವೂ ಮಾಯ.

ಸೀರೆಯ ಅಡ್ಡಪಟ್ಟಿಯಿಂದಲೇ ದಪ್ಪ ಕಾಣುತ್ತೇನೆಂದು ಅವಳ ಇನ್ನೊಂದು ತಕರಾರು. ಆದರೆ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ತೋರಿಸಿಕೊಟ್ಟಿದ್ದಾನೆ: ಅಡ್ಡಗೆರೆ ತುಂಬಿದ ಚೌಕ ನಮ್ಮ ಕಣ್ಣಿಗೆ ಎತ್ತರವಾಗಿ, ಕಿರಿದಾಗಿ ಕಾಣುತ್ತದೆ. ಪಾಪ, ನಮ್ಮ ನೇಕಾರರದೇನೂ ತಪ್ಪಿಲ್ಲ.

ಹೊಸ ಫೋಟೋ ನೋಡಿ ಹಿಗ್ಗಿದ ಮಾವಶಿ ಆ ಖುಷಿಗೆ ಎರಡು ಪ್ಲೇಟು ಮಿರ್ಚಿ ತರಿಸಿದಳು. ಲೆನ್ಸು ಕರಗಿಸುವುದು ಫೋಟೋವನ್ನು, ಮೈಯನ್ನಲ್ಲ. ಅದಕ್ಕೇ ಹೇಳುತ್ತೇನೆ: ಭಜಿ ಬಿಡಲಾಗದಿದ್ದರೆ ಬೇಡ, ಗ್ರೂಪ್ ಫೋಟೋದಲ್ಲಿ ತುದಿಗೆ ಮಾತ್ರ ನಿಲ್ಲಬೇಡಿ!