ಸೀಟಿನಡಿಯ ಸಾಕ್ಷಿ

ಕೆಲಸ ಮುಗಿದ ಮೇಲೆ ಕಾಗದವನ್ನು ಬುಟ್ಟಿಗೆ ಹಾಕದೆ ಎಲ್ಲೆಂದರಲ್ಲಿ ತುರುಕುವವರನ್ನು ಲೋಕ ಬೈಯುತ್ತದೆ. ಅಮೆರಿಕದ ಹಳೆಯ ಕಾರುಗಳ ಹುಚ್ಚು ಹತ್ತಿದವರು ಮಾತ್ರ ಅಂಥವರ ಫೋಟೋಗೆ ಹಾರ ಹಾಕಲೂ ತಯಾರು.

1960-70ರ ದಶಕಗಳಲ್ಲಿ ಅಲ್ಲಿನ ಕಾರ್ಖಾನೆಗಳಲ್ಲಿ ಪ್ರತಿ ಕಾರಿಗೂ ಒಂದು ಹಾಳೆ ಇರುತ್ತಿತ್ತು. ಬಿಲ್ಡ್ ಶೀಟ್ ಅಂತ ಹೆಸರು; ಕ್ರೈಸ್ಲರ್‌ನವರದು ಬ್ರಾಡ್‌ಕಾಸ್ಟ್ ಶೀಟ್. ತುಂಬ ಚೌಕಗಳು, ಚೌಕದೊಳಗೆ ಯಾವ ಭಾಗ ಹಾಕಬೇಕೆಂಬ ಗುಟ್ಟಿನ ಸಂಕೇತಗಳು. ಒಂದೇ ಸಾಲಿನಲ್ಲಿ ಹಿಂದೊಂದು ಕೆಂಪು ಕಾರು, ಮುಂದೊಂದು ಹಸಿರು. ಒಂದಕ್ಕೆ ರೇಡಿಯೊ ಉಂಟು, ಇನ್ನೊಂದಕ್ಕಿಲ್ಲ. ಕೆಲಸಗಾರ ತನ್ನ ಚೌಕ ನೋಡಬೇಕು, ತನ್ನ ಭಾಗ ಜೋಡಿಸಬೇಕು, ಅಷ್ಟೇ. ಕ್ರೈಸ್ಲರ್‌ನ 1970ರ ಹಾಳೆಯಲ್ಲಿ ‘ಇ74’ ಎಂದಿದ್ದರೆ 426 ಘನ ಇಂಚಿನ ಹೆಮಿ ಎಂಜಿನ್. ಕಾರು ಮುಗಿಯಿತು, ಹಾಳೆಯ ಋಣವೂ ತೀರಿತು. ಬುಟ್ಟಿಯ ತನಕ ಯಾರು ನಡೆಯುತ್ತಾರೆ? ಹಿಂದಿನ ಸೀಟಿನ ಸ್ಪ್ರಿಂಗಿಗೆ ಸಿಕ್ಕಿಸಿದರು, ಕಾರ್ಪೆಟ್ಟಿನಡಿ ಬಿಟ್ಟರು, ಪೆಟ್ರೋಲ್ ಟ್ಯಾಂಕಿನ ಮೇಲಿಟ್ಟು ಮರೆತರು. ಕಾರ್ವೆಟ್ ಕಾರು ಮಾಡುತ್ತಿದ್ದವರು 1967ರಿಂದ ಟ್ಯಾಂಕಿನ ಮೇಲೆ ಶಿಸ್ತಾಗಿ ಅಂಟಿಸಿದರು, ನಿಜ. ಪೂರ್ತಿ ಓದಬೇಕೆಂದರೆ ಟ್ಯಾಂಕನ್ನೇ ಇಳಿಸಬೇಕು. ಶಿಸ್ತಿನವರ ಕೆಲಸ ಹಾಗೇ ಇರುತ್ತದೆ.

ಈಗ ಈ ಕಸಕ್ಕೆ ಯಾಕಿಷ್ಟು ಮರ್ಯಾದೆ? 1969ರ ಷೆವರ್ಲೆ ಷೆವೆಲ್ ಕಾರನ್ನೇ ತಗೊಳ್ಳಿ. ಆರು ಸಿಲಿಂಡರೋ ಎಂಟೋ ಎಂಬುದನ್ನು ಅದರ ಚಾಸಿ ನಂಬರು ಹೇಳುತ್ತದೆ. ದುಬಾರಿಯ ಎಸ್‌ಎಸ್ 396 ಹೌದೋ ಅಲ್ಲವೋ ಎಂದರೆ ಬಾಯಿ ಬಿಡುವುದಿಲ್ಲ. ಬ್ಯಾಡ್ಜು ಅಂಗಡಿಯಲ್ಲಿ ಸಿಗುತ್ತದೆ, ಎಂಜಿನ್ನೂ ಸಿಗುತ್ತದೆ. ಅದೇ ಮಾತೃ ಕಂಪನಿಯ ಪಾಂಟಿಯಾಕ್ ಕಾರುಗಳ ಹಳೆಯ ಬಿಲ್ಲುಗಳು ಉಳಿದಿವೆ, ದುಡ್ಡು ಕೊಟ್ಟರೆ ನಕಲು ಬರುತ್ತದೆ. ಷೆವರ್ಲೆಗೆ ಆ ಭಾಗ್ಯವಿಲ್ಲ; ಅದಕ್ಕೆ ಈ ಹಾಳೆಯೇ ಸಾಕ್ಷಿ. ಇತ್ತ ಕ್ರೈಸ್ಲರ್‌ನ 1971ರ ಹೆಮಿ ಕುಡಾ ಕನ್ವರ್ಟಿಬಲ್ ಒಂದು 2014ರಲ್ಲಿ ಸಿಯಾಟಲ್‌ನ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ಇಂಥ ರೇಟು ಕೇಳಿದ ಮೇಲೆ, ಹಳೇ ಕಾರು ಕೊಂಡವನು ಬಾನೆಟ್ ಎತ್ತುವ ಮೊದಲು ಹಿಂದಿನ ಸೀಟು ಕಿತ್ತರೆ ಆಶ್ಚರ್ಯವೇನು!

ಕಿತ್ತಾಗ ಒಮ್ಮೊಮ್ಮೆ ಸಿಗುವುದು ಬೇರೆ ಕಾರಿನ ಹಾಳೆ. ಮದುವೆ ಮಾತುಕತೆಯಲ್ಲಿ ಪಕ್ಕದ ಮನೆ ಹುಡುಗನ ಜಾತಕ ಕೈಗೆ ಬಂದ ಹಾಗೆ. ಅದನ್ನೂ ಯಾರೂ ಬಿಸಾಡುವುದಿಲ್ಲ. ಎಲ್ಲೋ ಒಬ್ಬ ಅದಕ್ಕಾಗಿಯೇ ತನ್ನ ಕಾರಿನ ಸೀಟು ಬಗೆಯುತ್ತಿರಬಹುದು.

ಬೆಲೆ ಬಂದಲ್ಲಿ ನಕಲಿಯೂ ಬರಬೇಕಲ್ಲ, ಬಂದಿದೆ. ಹೊಸ ಹಾಳೆಯನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿದರೆ ಒಂದೇ ರಾತ್ರಿಯಲ್ಲಿ ಐವತ್ತು ವರ್ಷ ವಯಸ್ಸಾಗುತ್ತದೆ. ಆದ್ದರಿಂದ ನಾನೇನಾದರೂ ಕೊಳ್ಳುವವನಾಗಿದ್ದರೆ ಅಂದವಾದ ಹಾಳೆಯನ್ನು ನಂಬುತ್ತಿರಲಿಲ್ಲ. ಸ್ಪ್ರಿಂಗಿನ ತುಕ್ಕು ಸುರುಳಿಯಾಗಿ ಅಚ್ಚೊತ್ತಿ, ಮೂಲೆಯನ್ನು ಇಲಿ ತಿಂದಿರುವುದನ್ನೇ ಕೇಳುತ್ತಿದ್ದೆ. ಎಂಜಿನ್ನಿನ ಚೌಕವನ್ನೇ ಅದು ತಿಂದಿದ್ದರೆ ಮಾತ್ರ ಚೌಕಾಸಿ ಶುರು.